ಬುಡ ಯಾವುದು, ತುದಿ ಯಾವುದು

ಎರಡು ವರ್ಷದ ಹಿಂದೆ ತಂಗಿಯ ಮದುವೆ ಗೊತ್ತಾದಾಗ ಅವಳ ಮೊಗ್ಗಿನ ಜಡೆಗೆಂದು ಚೆನ್ನೈನ ಅಂಗಡಿಯೊಂದರಲ್ಲಿ ಹೇರ್ ಎಕ್ಸ್‌ಟೆನ್ಷನ್ ಕೊಂಡೆ. 'ನೂರಕ್ಕೆ ನೂರು ಮನುಷ್ಯರ ಕೂದಲು' ಎಂದು ಪೊಟ್ಟಣದ ಮೇಲೆ ಅಚ್ಚಾಗಿತ್ತು. ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಮೂರನೆಯ ಸಲ ತೊಳೆಯುವಷ್ಟರಲ್ಲಿ ಹೊಳಪೆಲ್ಲ ನೀರುಪಾಲಾಗಿ, ಅದು ತೆಂಗಿನ ನಾರಿನಂತೆ ಗಂಟುಕಟ್ಟಿಕೊಂಡಿತು. ಊರಿಂದ ಬಂದಿದ್ದ ಅಮ್ಮ ಅದನ್ನು ಕೈಗೆತ್ತಿಕೊಂಡು, "ಇದಕ್ಕೆ ಬುಡ ಯಾವುದೇ, ತುದಿ ಯಾವುದೇ?" ಎಂದಳು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಅಮ್ಮನ ಟ್ರಂಕಿನಲ್ಲಿ ಅಜ್ಜಿಯ ಚೌರಿ ಇದೆ. ತಲೆ ಬಾಚಿದಾಗ ಉದುರಿದ ಕೂದಲನ್ನು ಅಜ್ಜಿ ಸುರುಳಿ ಸುತ್ತಿ ಹಿತ್ತಲಿನ ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದರಂತೆ. ಸಾಕಷ್ಟು ಕೂಡಿದ ಮೇಲೆ ಚೌರಿ ಕಟ್ಟುವವಳು ಬಂದು, ಎಳೆ ಎಳೆಯಾಗಿ ಬಿಡಿಸಿ, ಬುಡವನ್ನೆಲ್ಲ ಒಂದೇ ಕಡೆ ಮಾಡಿ ಕಟ್ಟಿಕೊಡುತ್ತಿದ್ದಳು. ಅಮ್ಮನ ಪ್ರಶ್ನೆ ಅಲ್ಲಿಂದ ಬಂದದ್ದು. ಅದರ ಬೆನ್ನು ಹತ್ತಿ ಹೋದಾಗ, ಕೂದಲಿನ ವ್ಯಾಪಾರದ ಚರಿತ್ರೆಯೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇದೆಯೆಂದು ತಿಳಿಯಿತು.

ಕೂದಲು ನುಣ್ಣಗೆ ಕಂಡರೂ ಅದರ ಹೊರಮೈ ಮೇಲೆ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಪದರಗಳಿರುತ್ತವೆ. ಹೆಂಚಿನಂತೆ ಒಂದರ ಮೇಲೊಂದು ಮಲಗಿ, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉದ್ದಕ್ಕೆ ಹಿಂದೆಮುಂದೆ ಉಜ್ಜಿ ನೋಡಿ. ಅದು ಯಾವಾಗಲೂ ಬುಡದ ದಿಕ್ಕಿಗೇ ತೆವಳುತ್ತದೆ. ಬುಡ ತುದಿ ಅದಲುಬದಲಾದ ಎಳೆಗಳು ಒಟ್ಟಿಗೆ ಸೇರಿದರೆ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತವೆ. ಇದನ್ನು ತಪ್ಪಿಸಲು ಕಾರ್ಖಾನೆಗಳಲ್ಲಿ ಆಮ್ಲದಲ್ಲಿ ಅದ್ದಿ ಆ ಪದರವನ್ನೇ ಕಿತ್ತು, ಮೇಲೆ ಸಿಲಿಕೋನ್ ಬಳಿಯುತ್ತಾರೆ. ನಾನು ಕೊಂಡ ಹೊಳಪು ಅದೇ ಇರಬೇಕು. ಬುಡ ತುದಿ ಕೆಡದಂತೆ ಕಾಪಾಡಿಕೊಂಡು ಬಂದ ಕೂದಲಿಗೆ ವ್ಯಾಪಾರದಲ್ಲಿ 'ರೆಮಿ' ಎಂದು ಹೆಸರು.

ಅಂಥ ಕೂದಲು ಸುಲಭವಾಗಿ ಸಿಗುವುದು ಒಬ್ಬಳ ಜಡೆಯನ್ನು ಒಮ್ಮೆಗೇ ಕತ್ತರಿಸಿದಾಗ. ಹಾಗಾಗಿ ಒಳ್ಳೆಯ ಕೂದಲಿನ ಚರಿತ್ರೆ ಎಂದರೆ ತಲೆ ಒಡ್ಡಿದವರ ಚರಿತ್ರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಬ್ರಿಟನಿಯ ಹಳ್ಳಿ ಹುಡುಗಿಯರು ಜಾತ್ರೆಗಳಲ್ಲಿ ಸಾಲುಗಟ್ಟಿ ಕೂದಲು ಮಾರುತ್ತಿದ್ದರು. 1862ರಲ್ಲಿ ಬಂದ ವಿಕ್ಟರ್ ಹ್ಯೂಗೋನ 'ಲೆ ಮಿಸರಾಬ್ಲ್' ಕಾದಂಬರಿಯ ಫ್ಯಾಂಟೀನ್ ಹತ್ತು ಫ್ರಾಂಕಿಗೆ ಕೂದಲು ಮಾರಿ ಮಗಳಿಗೆ ಲಂಗ ಕೊಳ್ಳುತ್ತಾಳೆ. ಚೀನಾದಲ್ಲಿ ಮಂಚು ಅರಸರು ಗಂಡಸರ ಮೇಲೆ ಹೇರಿದ್ದ ಜಡೆಯ ಕಡ್ಡಾಯ 1911ರ ಕ್ರಾಂತಿಯೊಂದಿಗೆ ಮುರಿದುಬಿತ್ತು. ಕತ್ತರಿಸಿದ ಜಡೆಗಳು ಪಶ್ಚಿಮದ ಮಾರುಕಟ್ಟೆಗೆ ಹರಿದವು.

1965ರಲ್ಲಿ ಅಮೆರಿಕ 'ಕಮ್ಯುನಿಸ್ಟ್ ಕೂದಲು' ಬೇಡವೆಂದು ಚೀನಾದ ಕೂದಲನ್ನು ತಡೆಯಿತು. ಕೂದಲಿಗೂ ಹುಟ್ಟೂರಿನ ಪ್ರಮಾಣಪತ್ರ ಬೇಕಾಯಿತು. ದಕ್ಷಿಣ ಕೊರಿಯಾದ ವಿಗ್ ಉದ್ಯಮ ದಿಢೀರನೆ ಬೆಳೆದದ್ದು ಆಗಲೇ. ಭಾರತದ ಕೂದಲಿಗೂ ಬೇಡಿಕೆ ಬಂತು.

ನಮ್ಮಲ್ಲಿ ಅದರ ದೊಡ್ಡ ಮೂಲ ತಿರುಮಲ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮುಡಿ ಕೊಡುವ ಹರಕೆ ಇದೆ. ನಾನೂ ಮೂರು ವರ್ಷದವಳಿದ್ದಾಗ ಕಲ್ಯಾಣಕಟ್ಟೆಯಲ್ಲಿ ಕೂತು ಅತ್ತಿದ್ದೇನಂತೆ. ಹರಕೆಯವರಿಗೆ ಮುಡಿ ಅಲ್ಲಿಗೆ ಮುಗಿಯಿತು. ದೇವಸ್ಥಾನ ಅದನ್ನು ಉದ್ದದ ಪ್ರಕಾರ ವಿಂಗಡಿಸಿ ಹರಾಜು ಹಾಕುತ್ತದೆ. ತುಂಬ ಉದ್ದನೆಯದು ಮೊದಲ ದರ್ಜೆ, ತೀರ ಗಿಡ್ಡನೆಯದು ಕೊನೆ; ನರೆಗೂದಲು ಬೇರೆ. 2011ರಿಂದ ಹರಾಜು ಆನ್‌ಲೈನ್‌ನಲ್ಲೇ ನಡೆಯುತ್ತದೆ.

ಈ ಕೂದಲು ಯಾರ ತಲೆಯದು ಎಂದು ಕೊಳ್ಳುವವರು ಬೀದಿಯಲ್ಲಿ ನಿಂತು ಕೇಳಿದ್ದು 2004ರಲ್ಲಿ. ಸಂಪ್ರದಾಯಸ್ಥ ಯಹೂದಿಗಳಲ್ಲಿ ಮದುವೆಯಾದ ಹೆಂಗಸರು ಸ್ವಂತ ಕೂದಲು ಮುಚ್ಚಿಕೊಳ್ಳಲು ವಿಗ್ ತೊಡುವುದುಂಟು. ಆ ವರ್ಷದ ಮೇ ತಿಂಗಳಲ್ಲಿ ಜೆರುಸಲೇಮಿನ ಧರ್ಮಗುರು ಯೋಸೆಫ್ ಶಾಲೋಮ್ ಎಲ್ಯಾಶಿವ್, ತಿರುಮಲದ ಕೂದಲು ವಿಗ್ರಹಾರಾಧನೆಗೆ ಸಂಬಂಧಿಸಿದ್ದು, ಅದರ ವಿಗ್ ಕೂಡದು ಎಂದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹೆಂಗಸರು ದುಬಾರಿ ವಿಗ್‌ಗಳನ್ನು ಬೀದಿಯಲ್ಲಿ ಸುಟ್ಟರು. ಮುಡಿ ಕೊಟ್ಟವರಿಗೆ ಇದ್ಯಾವುದೂ ಗೊತ್ತಿರಲಿಕ್ಕಿಲ್ಲ.

ಆದರೆ ನಮ್ಮ ಕೂದಲಿನ ವ್ಯಾಪಾರಕ್ಕೆ ಇನ್ನೊಂದು ದಾರಿಯೂ ಇದೆ. ಅದು ಅಜ್ಜಿಯ ಗೋಡೆಯ ಸಂದಿಯಿಂದ ಹೊರಟದ್ದು. ಪಿನ್ನು, ಬಲೂನು, ಪಾತ್ರೆ ಕೊಟ್ಟು ಉದುರುಗೂದಲು ಕೊಳ್ಳುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದುದು ನಿಮಗೂ ನೆನಪಿದ್ದೀತು. ಆ ಕೂದಲಿನ ಉಂಡೆಗಳು ಹೋಗಿ ಸೇರುವ ಊರುಗಳಲ್ಲಿ ಕೊಪ್ಪಳದ ಮಗ್ಗುಲ ಭಾಗ್ಯನಗರ ಒಂದು. ಅಲ್ಲಿ ಹೆಂಗಸರು ನೆಲದ ಮೇಲೆ ಕೂತು ಉಂಡೆ ಬಿಡಿಸಿ, ಕಸ, ನರೆ ಆರಿಸಿ, ತೊಳೆದು, ಮೊಳೆಹಲಗೆಯ ಮೇಲೆ ಬಾಚಿ, ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. ಕಣ್ಣಿಗೂ ಬೆನ್ನಿಗೂ ಶ್ರಮದ ಕೆಲಸ, ಮೂಗಿಗೆ ಧೂಳು. ಬಿಡಿಸದ ಉಂಡೆ ಮ್ಯಾನ್ಮಾರ್ ದಾರಿಯಾಗಿ ಚೀನಾಕ್ಕೆ ಕಳ್ಳಸಾಗಣೆಯಾಗಿ ಇಲ್ಲಿನವರಿಗೆ ಕೆಲಸ ತಪ್ಪುತ್ತಿದೆ ಎಂಬ ದೂರಿನ ಮೇಲೆ, 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿತು.

ಅಂದರೆ ಉದುರುಗೂದಲೆಲ್ಲ ಕೀಳಲ್ಲ. ಬುಡ ತುದಿ ಹೊಂದಿಸುವಷ್ಟು ಹೊತ್ತು ಅದರ ಮುಂದೆ ಯಾರಾದರೂ ಕೂತಿದ್ದರೆ ಅದೂ ಒಳ್ಳೆಯದೇ. ಆ ಹೊತ್ತಿಗೆ ದುಡ್ಡು ಕೊಡದೆ ಆಮ್ಲದ ಅಡ್ಡದಾರಿ ಹಿಡಿದಾಗ ನನ್ನ ಪೊಟ್ಟಣದಂಥದು ಸಿದ್ಧವಾಗುತ್ತದೆ.

ಈಗ ಗೆಳತಿಯರು ಕೇಳಿದರೆ ನಾನು ಹೇಳುವುದಿಷ್ಟು. ವಿಪರೀತ ಹೊಳಪು ಕಂಡರೆ ಅನುಮಾನಿಸಿ. ಒಂದೆರಡು ಎಳೆ ಕೇಳಿ ಪಡೆದು ಸುಡಿ. ಮನುಷ್ಯರ ಕೂದಲು ಕಮಟು ನಾತ ಬಂದು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕಟ್ಟಿನ ಮೇಲೆ ಬೆರಳಾಡಿಸಿ. ಬುಡದಿಂದ ತುದಿಗೆ ನುಣುಪು, ತುದಿಯಿಂದ ಬುಡಕ್ಕೆ ತುಸು ಒರಟು ಇರಬೇಕು. ಎರಡೂ ಕಡೆ ಒಂದೇ ಸಮ ಜಾರಿದರೆ ಪದರ ಕಿತ್ತಿರಬಹುದು. 'ಡಬಲ್ ಡ್ರಾನ್' ಎಂದರೆ ಗಿಡ್ಡ ಎಳೆಗಳನ್ನು ತೆಗೆದು ತುದಿಯವರೆಗೂ ದಟ್ಟವಾಗಿಸಿದ್ದು. 'ಸಿಂಗಲ್ ಡ್ರಾನ್' ತುದಿಗೆ ತೆಳ್ಳಗಾಗುತ್ತದೆ, ಬೆಲೆ ಕಡಿಮೆ, ನಮ್ಮ ಜಡೆಗೆ ಅದೇ ಸಹಜ. ಉದ್ದದ ಜೊತೆಗೆ ತೂಕವನ್ನೂ ಕೇಳಿ. ಕೊನೆಗೆ, ಈ ಕೂದಲು ಎಲ್ಲಿಯದು ಎಂದು ಕೇಳಿ. ಉತ್ತರ ಗೊತ್ತಿಲ್ಲದ ಅಂಗಡಿಯವನಿಗೆ ಬುಡ ತುದಿಯೂ ಗೊತ್ತಿರುವುದು ಕಷ್ಟ.

ತಂಗಿಯ ಮದುವೆಯಲ್ಲಿ ಕಡೆಗೆ ಅಜ್ಜಿಯ ಚೌರಿಯನ್ನೇ ಕಟ್ಟಿದೆವು. ಬಣ್ಣ ಸ್ವಲ್ಪ ಕೆಂಚಗಾಗಿತ್ತು, ಮೊಗ್ಗು ಮುಚ್ಚಿತು. ಆರತಿ ಮುಗಿದ ಮೇಲೆ ಅಮ್ಮ ಅದನ್ನು ಬಿಚ್ಚಿ, ಬುಡ ಹಿಡಿದು ತುದಿಯವರೆಗೆ ಬಾಚಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಳು. ಒಂದು ಗಂಟೂ ಬಿದ್ದಿರಲಿಲ್ಲ.