ಕಿಟ್ ಬಳಸಿ ಮನೆಯಲ್ಲಿ ವೈನ್ ತಯಾರಿಕೆ

ದ್ರಾಕ್ಷಿಯ ಮಂದರಸ, ಯೀಸ್ಟ್ ಮತ್ತು ಅಗತ್ಯ ರಾಸಾಯನಿಕಗಳನ್ನು ಅಳತೆಮಾಡಿ ತುಂಬಿದ ಪೆಟ್ಟಿಗೆಯನ್ನು ವೈನ್ ಕಿಟ್ ಎನ್ನುತ್ತಾರೆ. ಅದರಲ್ಲಿರುವ ರಸಕ್ಕೆ ನೀರು ಬೆರೆಸಿ ಹುದುಗಿಸಿದರೆ ಕೆಲವು ವಾರಗಳಲ್ಲಿ ವೈನ್ ಸಿದ್ಧವಾಗುತ್ತದೆ. ಕೆನಡಾ, ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಇದು ಸಾಮಾನ್ಯ ಹವ್ಯಾಸ. ಭಾರತದಲ್ಲಿ ಮದ್ಯವು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ವೈನ್ ತಯಾರಿಸುವುದು, ಅದು ಸ್ವಂತ ಬಳಕೆಗೇ ಆಗಿದ್ದರೂ, ಕಾನೂನಿಗೆ ವಿರುದ್ಧ.

ಹಿನ್ನೆಲೆ

ಹಣ್ಣಿನ ರಸ ಹುದುಗುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿಯಿಂದ ಎಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಪ್ರಯೋಗಗಳಿಂದ ಸ್ಥಾಪಿಸಿದನು. ಆದರೆ ಕಾರಣ ತಿಳಿಯುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಜನರು ವೈನ್ ಮಾಡುತ್ತಿದ್ದರು. ಆಯುರ್ವೇದದ ದ್ರಾಕ್ಷಾಸವ ಮೊದಲಾದ ಆಸವ, ಅರಿಷ್ಟಗಳೂ ಹುದುಗುವಿಕೆಯ ಫಲವೇ. ಅವುಗಳಿಗೆ ಹಾಕುವ ಧಾತಕಿ ಹೂವಿನೊಡನೆ ಕಾಡು ಯೀಸ್ಟ್ ರಸಕ್ಕೆ ಸೇರುತ್ತದೆ.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿದ್ದಾಗ, ಒಣಗಿಸಿ ಒತ್ತಿದ ದ್ರಾಕ್ಷಿಯ ಇಟ್ಟಿಗೆಗಳು ಮಾರಾಟವಾಗುತ್ತಿದ್ದವು. ಇದನ್ನು ನೀರಿನಲ್ಲಿ ಕರಗಿಸಿ ಬಹಳ ದಿನ ಇಡಬೇಡಿ, ಇಟ್ಟರೆ ವೈನ್ ಆದೀತು ಎಂಬ ಧಾಟಿಯ ಎಚ್ಚರಿಕೆಯೂ ಜೊತೆಗಿರುತ್ತಿತ್ತು. ಎಚ್ಚರಿಕೆಯ ರೂಪದಲ್ಲಿದ್ದ ಆ ಪಾಕವಿಧಾನವನ್ನೇ ಇಂದಿನ ಕಿಟ್‌ನ ಪೂರ್ವಜ ಎನ್ನಬಹುದು. ಈಗಿನ ರೂಪದ ಕಿಟ್‌ಗಳು ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದವು.

ಕರ್ನಾಟಕದಲ್ಲಿ ಮನೆ ವೈನ್ ಎಂದರೆ ಮೊದಲು ನೆನಪಾಗುವುದು ಕ್ರಿಸ್‌ಮಸ್. ಮಂಗಳೂರಿನ ಕ್ಯಾಥೊಲಿಕ್ ಕುಟುಂಬಗಳಲ್ಲಿಯೂ ಬೆಂಗಳೂರು, ಕೋಲಾರ ಚಿನ್ನದ ಗಣಿ ಪ್ರದೇಶಗಳ ಆಂಗ್ಲೋ-ಇಂಡಿಯನ್ ಮನೆಗಳಲ್ಲಿಯೂ ಕಪ್ಪು ದ್ರಾಕ್ಷಿ, ಸಕ್ಕರೆ, ಯೀಸ್ಟ್, ಹಿಡಿ ಗೋಧಿ, ಲವಂಗ ಮತ್ತು ಚಕ್ಕೆಗಳನ್ನು ಪಿಂಗಾಣಿ ಜಾಡಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದಿನವೂ ಮರದ ಸೌಟಿನಿಂದ ಕದಡುವ ವಾಡಿಕೆಯಿದೆ. ಗೋಧಿಯು ಯೀಸ್ಟ್‌ಗೆ ಪೋಷಕಾಂಶ ಒದಗಿಸುತ್ತದೆ. ಇಂತಹ ವೈನ್ ಸಿಹಿಯಾಗಿರುತ್ತದೆ. ಕಿಟ್‌ನ ವೈನ್ ಬಹುಮಟ್ಟಿಗೆ ಸಿಹಿಯಿಲ್ಲದ್ದು.

ಕಿಟ್‌ನ ಸಾಮಗ್ರಿ

ಸಾಮಾನ್ಯ ಕಿಟ್ 23 ಲೀಟರ್, ಅಂದರೆ 750 ಮಿಲಿಲೀಟರಿನ ಸುಮಾರು 30 ಸೀಸೆ ವೈನ್‌ಗೆ ಸಾಕಾಗುತ್ತದೆ. ಅದರಲ್ಲಿ ಮಂದರಸದ ಚೀಲ, ಒಣ ಯೀಸ್ಟ್‌ನ ಪೊಟ್ಟಣ, ಗಸಿಯನ್ನು ತಳಕ್ಕಿಳಿಸುವ ಬೆಂಟೊನೈಟ್ ಜೇಡಿ, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಪೊಟ್ಯಾಸಿಯಂ ಸಾರ್ಬೇಟ್ ಮತ್ತು ವೈನನ್ನು ತಿಳಿಗೊಳಿಸುವ ಪದಾರ್ಥ ಇರುತ್ತವೆ. ಹುದುಗಿಸುವ ಪಾತ್ರೆ, ಏರ್‌ಲಾಕ್, ಸೈಫನ್ ಕೊಳವೆ ಮತ್ತು ಹೈಡ್ರೋಮೀಟರ್‌ಗಳನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳು ರಸದ ಆಮ್ಲದೊಡನೆ ವರ್ತಿಸುವುದರಿಂದ ಸಲ್ಲವು. ಗಾಜು, ಆಹಾರ ದರ್ಜೆಯ ಪ್ಲಾಸ್ಟಿಕ್ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಸೂಕ್ತ.

ತಯಾರಿಕೆ ಮತ್ತು ಅದರ ವಿಜ್ಞಾನ

ಮೊದಲ ಸಲ ಮಾಡುವವರ ವೈನ್ ಕೆಡುವುದು ಹೆಚ್ಚಾಗಿ ಶುಚಿತ್ವದ ಕೊರತೆಯಿಂದ, ತಾಪಮಾನದ ಏರಿಕೆಯಿಂದ ಅಥವಾ ಗಾಳಿಯ ಸಂಪರ್ಕದಿಂದ. ಸಾಬೂನಿನಿಂದ ತೊಳೆದ ಪಾತ್ರೆ ನೋಡಲು ಸ್ವಚ್ಛವಾಗಿದ್ದರೂ ಸೂಕ್ಷ್ಮಜೀವಿಗಳಿಂದ ಮುಕ್ತವಾಗಿರುವುದಿಲ್ಲ. ರಸಕ್ಕೆ ತಗಲುವ ಪ್ರತಿಯೊಂದು ವಸ್ತುವನ್ನೂ ಮೆಟಾಬೈಸಲ್ಫೈಟ್ ದ್ರಾವಣದಂತಹ ಸೋಂಕುನಿವಾರಕದಲ್ಲಿ ಅದ್ದಬೇಕಾಗುತ್ತದೆ. ಈ ದ್ರಾವಣದ ಹೊಗೆ ಉಬ್ಬಸವಿರುವವರಿಗೆ ಅಪಾಯಕಾರಿ.

ನೀರು ಬೆರೆಸಿದ ರಸದ ಸಾಂದ್ರತೆಯನ್ನು ಹೈಡ್ರೋಮೀಟರ್‌ನಿಂದ ನೋಡುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ಹಾಲಿನ ಡೇರಿಗಳಲ್ಲಿ ಹಾಲನ್ನು ಪರೀಕ್ಷಿಸುವ ಲ್ಯಾಕ್ಟೋಮೀಟರ್ ಕೂಡ ಇದೇ ತತ್ತ್ವದ ಉಪಕರಣ: ದ್ರವದ ಸಾಂದ್ರತೆ ಹೆಚ್ಚಿದಷ್ಟೂ ಗಾಜಿನ ನಳಿಕೆ ಮೇಲಕ್ಕೆ ತೇಲುತ್ತದೆ. ರಸದ ಆರಂಭದ ಸಾಂದ್ರತೆ ಸುಮಾರು 1.090 ಇರುತ್ತದೆ. ಸಕ್ಕರೆಯೆಲ್ಲ ಮದ್ಯಸಾರವಾದ ಮೇಲೆ ಅದು 0.995ರ ಆಸುಪಾಸಿಗೆ, ಅಂದರೆ ನೀರಿಗಿಂತಲೂ ಕೆಳಕ್ಕೆ, ಇಳಿಯುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇ. 1ರಷ್ಟು ಮದ್ಯಸಾರ ದೊರೆಯುವುದರಿಂದ, ಶೇ. 12ರ ವೈನ್‌ಗೆ ಲೀಟರಿಗೆ 200 ಗ್ರಾಂಗಿಂತ ತುಸು ಹೆಚ್ಚು ಸಕ್ಕರೆ ಬೇಕು.

ಯೀಸ್ಟ್ ಸೇರಿಸಿದ ಒಂದೆರಡು ದಿನಗಳಲ್ಲಿ ರಸ ನೊರೆಯೇಳುತ್ತದೆ. ಈ ಹಂತದಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ಪ್ರಮಾಣವನ್ನು ಹೊಸಬರು ಊಹಿಸುವುದಿಲ್ಲ. ಒಂದು ಲೀಟರ್ ರಸದಿಂದ 50 ಲೀಟರಿಗೂ ಹೆಚ್ಚು ಅನಿಲ ಬಿಡುಗಡೆಯಾಗುತ್ತದೆ; 23 ಲೀಟರಿನ ಪಾತ್ರೆಯಿಂದ ಒಟ್ಟು 1,000 ಲೀಟರನ್ನು ಮೀರುತ್ತದೆ. ಮುಚ್ಚಳವನ್ನು ಬಿಗಿದರೆ ಪಾತ್ರೆ ಸಿಡಿಯಬಹುದು. ನೀರು ತುಂಬಿದ ಏರ್‌ಲಾಕ್ ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದೆ ತಡೆಯುತ್ತದೆ. ಪಾತ್ರೆಯಿಟ್ಟ ಕೋಣೆಗೆ ಗಾಳಿ ಆಡುತ್ತಿರಬೇಕು.

ಐದರಿಂದ ಹತ್ತು ದಿನಗಳ ಬಳಿಕ ವೈನನ್ನು ಗಸಿಯ ಮೇಲಿಂದ ಸೈಫನ್ ಮೂಲಕ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಸಾಂದ್ರತೆ ಕೆಲವು ದಿನ ಬದಲಾಗದೆ ನಿಂತಾಗ ಹುದುಗುವಿಕೆ ಮುಗಿದಂತೆ. ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತೆಂಬುದು ಸಾಕಷ್ಟು ಪುರಾವೆಯಲ್ಲ. ಅನಂತರ ಸಲ್ಫೈಟ್ ಮತ್ತು ಸಾರ್ಬೇಟ್ ಸೇರಿಸಿ, ಕರಗಿದ ಅನಿಲವನ್ನು ಕದಡಿ ಹೊರಹಾಕಿ, ತಿಳಿಯಾಗಲು ಬಿಟ್ಟು ಸೀಸೆಗೆ ತುಂಬುತ್ತಾರೆ. ಒಟ್ಟು ನಾಲ್ಕರಿಂದ ಎಂಟು ವಾರ ಬೇಕು. ಸಿಹಿ ಉಳಿದ ವೈನನ್ನು ಆತುರದಿಂದ ಸೀಸೆಗೆ ತುಂಬಿದರೆ ಹುದುಗುವಿಕೆ ಒಳಗೇ ಮರುಕಳಿಸಿ ಸೀಸೆ ಒಡೆಯಬಹುದು. ಗಾಳಿಗೆ ತೆರೆದಿಟ್ಟ ವೈನ್ ಅಸಿಟೋಬ್ಯಾಕ್ಟರ್ ಬ್ಯಾಕ್ಟೀರಿಯಾದಿಂದ ವಿನೆಗರ್ ಆಗುತ್ತದೆ.

ಮನೆ ವೈನ್‌ನಿಂದ ಕಣ್ಣು ಹೋಗುತ್ತದೆ ಎಂಬ ಭಯ ವ್ಯಾಪಕವಾಗಿದೆ. ಹಣ್ಣಿನ ಪೆಕ್ಟಿನ್‌ನಿಂದ ಅಲ್ಪ ಮೆಥನಾಲ್ ಹುಟ್ಟುವುದು ನಿಜ. ಆದರೆ ಭಟ್ಟಿಯಿಳಿಸದ ವೈನ್‌ನಲ್ಲಿ ಅದು ವಿಷವಾಗುವಷ್ಟು ಇರುವುದಿಲ್ಲ. ಕಳ್ಳಭಟ್ಟಿ ದುರಂತಗಳಿಗೆ ಮುಖ್ಯ ಕಾರಣ ಮದ್ಯಕ್ಕೆ ಬೆರೆಸಿದ ಕೈಗಾರಿಕಾ ಮೆಥನಾಲ್. ವೈನನ್ನು ಮನೆಯಲ್ಲಿ ಭಟ್ಟಿಯಿಳಿಸುವುದು ಬೇರೆಯೇ ಕೆಲಸ. ಅದರಲ್ಲಿ ಬೆಂಕಿ ಮತ್ತು ವಿಷ ಎರಡರ ಅಪಾಯವೂ ಇದೆ.

ತುಮಕೂರು ಪ್ರದೇಶದ ಹವಾಮಾನ ಮತ್ತು ಹಣ್ಣುಗಳು

ಬಹುತೇಕ ಕಿಟ್‌ಗಳ ಸೂಚನೆ 20ರಿಂದ 25 ಡಿಗ್ರಿ ಸೆಲ್ಸಿಯಸ್ ತಾಪಮಾನವನ್ನು ಬಯಸುತ್ತದೆ. ಅವು ತಂಪು ದೇಶಗಳಿಗಾಗಿ ಬರೆದವು. ಹಲವು ಕೈಪಿಡಿಗಳು ಪಾತ್ರೆಯನ್ನು ಬೆಚ್ಚಗಿಡುವ ಉಪಾಯವನ್ನೇ ಹೇಳುತ್ತವೆ. ತುಮಕೂರಿನಲ್ಲಿ ಸಮಸ್ಯೆ ತಲೆಕೆಳಗು. ಏಪ್ರಿಲ್‌ನಲ್ಲಿ ಹಗಲಿನ ತಾಪ 35 ಡಿಗ್ರಿಯನ್ನು ದಾಟುವುದುಂಟು. ಹುದುಗುವಿಕೆ ತಾನೇ ಶಾಖ ಹುಟ್ಟಿಸುವುದರಿಂದ ಪಾತ್ರೆಯ ಒಳಗು ಕೋಣೆಗಿಂತಲೂ ಬಿಸಿಯಾಗಿರುತ್ತದೆ. 30 ಡಿಗ್ರಿಗಿಂತ ಮೇಲೆ ವೈನ್‌ಗೆ ಒರಟು ರುಚಿ ಬರುತ್ತದೆ, ಯೀಸ್ಟ್ ನಡುವೆಯೇ ಸೋತು ನಿಲ್ಲಲೂಬಹುದು. ಹೂಜಿಗೆ ಸುತ್ತುವಂತೆ ಒದ್ದೆ ಗೋಣಿತಾಟನ್ನು ಸುತ್ತಿದರೆ ತಾಪ ಕೆಲವು ಡಿಗ್ರಿ ತಗ್ಗುತ್ತದೆ. ಈ ಸೀಮೆಗೆ ನವೆಂಬರ್‌ನಿಂದ ಜನವರಿಯವರೆಗಿನ ಕಾಲವೇ ಹೆಚ್ಚು ಹೊಂದುತ್ತದೆ.

ವೈನ್‌ಗೆ ದ್ರಾಕ್ಷಿಯೇ ಆಗಬೇಕೆಂದಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಅಲ್ಲಿನ ರೈತರ ತೋಟದಲ್ಲಿ ಕಂಡುಬಂದ, ತಾಮ್ರಗೆಂಪು ತೊಳೆಯ 'ಸಿದ್ದು' ಹಲಸನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರ ಗುರುತಿಸಿ ಬೆಳಕಿಗೆ ತಂದಿತು. ಹಲಸಿನಲ್ಲಿ ಸಕ್ಕರೆ ಧಾರಾಳ, ಹುಳಿ ಕಡಿಮೆ, ಪೆಕ್ಟಿನ್ ಹೆಚ್ಚು. ಆದ್ದರಿಂದ ಹಲಸಿನ ವೈನ್‌ಗೆ ತಿರುಳನ್ನು ನೀರಿನಲ್ಲಿ ಸಡಿಲಗೊಳಿಸಿ, ಪೆಕ್ಟಿನೇಸ್ ಕಿಣ್ವ ಮತ್ತು ಆಮ್ಲ ಸೇರಿಸಬೇಕಾಗುತ್ತದೆ. ಆ ಆಮ್ಲವೂ ಜಿಲ್ಲೆಯಲ್ಲೇ ಬೆಳೆಯುತ್ತದೆ ಎಂಬುದು ಗಮನಾರ್ಹ. ದ್ರಾಕ್ಷಿಯ ಮುಖ್ಯ ಆಮ್ಲವಾದ ಟಾರ್ಟಾರಿಕ್ ಆಮ್ಲವೇ ಹುಣಸೆಹಣ್ಣಿನ ಮುಖ್ಯ ಆಮ್ಲವೂ ಹೌದು. ತುಮಕೂರಾದರೋ ಹುಣಸೆಯ ವ್ಯಾಪಾರಕ್ಕೆ ಹಳೆಯ ಮಾರುಕಟ್ಟೆ.

ಕಾನೂನು

ಅಮೆರಿಕದ ಕೇಂದ್ರ ಕಾನೂನು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ವೈನನ್ನು ತೆರಿಗೆಯಿಲ್ಲದೆ ಸ್ವಂತಕ್ಕೆ ತಯಾರಿಸಲು ಬಿಡುತ್ತದೆ. ಕರ್ನಾಟಕದಲ್ಲಿ ಇಂತಹ ವಿನಾಯಿತಿ ಇಲ್ಲ. 1965ರ ಕರ್ನಾಟಕ ಅಬಕಾರಿ ಅಧಿನಿಯಮದ ವ್ಯಾಖ್ಯೆಯಲ್ಲಿ ಮದ್ಯವೆಂದರೆ ವೈನ್ ಕೂಡ ಸೇರುತ್ತದೆ. ಪರವಾನಗಿಯಿಲ್ಲದೆ ಅದನ್ನು ತಯಾರಿಸುವುದನ್ನಷ್ಟೇ ಅಲ್ಲ, ತಯಾರಿಕೆಯ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಉಪಕರಣಗಳನ್ನು ಇಟ್ಟುಕೊಳ್ಳುವುದನ್ನೂ ಅಧಿನಿಯಮ ನಿಷೇಧಿಸುತ್ತದೆ. ಹೊರದೇಶದಲ್ಲಿರುವ ಮಗ ಅಥವಾ ಮಗಳು ಅಲ್ಲಿ ನ್ಯಾಯಬದ್ಧವಾಗಿ ಕೊಂಡು ಉಡುಗೊರೆಯಾಗಿ ತಂದ ಕಿಟ್, ತುಮಕೂರಿನ ಅಡುಗೆಮನೆಯಲ್ಲಿ ತೆರೆದು ರಸಕ್ಕೆ ಯೀಸ್ಟ್ ಹಾಕಿದೊಡನೆ ಅಪರಾಧದ ಸಾಮಗ್ರಿಯಾಗುತ್ತದೆ. ಕ್ರಿಸ್‌ಮಸ್ ವೈನ್‌ನ ಬಗ್ಗೆ ಸಮಾಜದಲ್ಲಿರುವ ಸಹನೆಯನ್ನು ಕಾನೂನಿನ ಅನುಮತಿ ಎಂದು ಎಣಿಸಲಾಗದು.

2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ರಾಜ್ಯದಲ್ಲಿ ದ್ರಾಕ್ಷಿ ಬೆಳೆಗಾರರನ್ನೂ ವೈನರಿಗಳನ್ನೂ ಪ್ರೋತ್ಸಾಹಿಸಲು ರೂಪುಗೊಂಡಿತು. ಸಾರಾಯಿ ನಿಷೇಧ ಜಾರಿಗೆ ಬಂದುದೂ ಅದೇ ವರ್ಷದ ಜುಲೈ 1ರಂದು. ನೀತಿಯ ಉತ್ತೇಜನ ಪರವಾನಗಿ ಪಡೆದ ಘಟಕಗಳಿಗೆ ಮೀಸಲು. ಮನೆಯ ಜಾಡಿಗೆ ಅದು ಅನ್ವಯಿಸುವುದಿಲ್ಲ. ಹುದುಗಿಸದ ರಸಕ್ಕೆ ಅಬಕಾರಿ ಪರವಾನಗಿ ಬೇಕಿಲ್ಲ: ದ್ರಾಕ್ಷಿ ರಸವನ್ನು ಬಿಸಿಮಾಡಿ ಯೀಸ್ಟನ್ನು ಕೊಂದು ಸೀಸೆಯಲ್ಲಿ ಮುಚ್ಚಿಡುವ ವಿಧಾನವನ್ನು ಅಮೆರಿಕದ ಥಾಮಸ್ ವೆಲ್ಚ್ 1869ರಲ್ಲಿ, ಮದ್ಯಪಾನ ಒಪ್ಪದ ತನ್ನ ಮೆಥಡಿಸ್ಟ್ ಚರ್ಚಿನ ಪ್ರಭುಭೋಜನಕ್ಕಾಗಿ ರೂಢಿಗೆ ತಂದನು.