ಸ್ಲೈಡ್ ಸ್ಕ್ಯಾನಿಂಗ್: ಫ್ಲ್ಯಾಟ್‌ಬೆಡ್ ಯಂತ್ರದಲ್ಲಿ ಬಿಂಬದ ಸ್ಪಷ್ಟತೆ

ಪಾರದರ್ಶಕ ಫಿಲ್ಮಿನ ಮೇಲೆ ನೇರವಾಗಿ ವರ್ಣಚಿತ್ರವಾಗಿಯೇ ಮೂಡಿ, ಎರಡಂಗುಲ ಚದರದ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟಿನಲ್ಲಿ ಬಂಧಿತವಾದ 35 ಮಿ.ಮೀ. ಸ್ಲೈಡನ್ನು, ಮುಖ್ಯವಾಗಿ ಕಾಗದಪತ್ರಗಳಿಗಾಗಿ ನಿರ್ಮಿತವಾದ ಚಪ್ಪಟೆ ಗಾಜಿನ ಸ್ಕ್ಯಾನರಿನಲ್ಲಿ ಅದರ ಸೂಕ್ಷ್ಮ ವಿವರಗಳು ಮಸುಕಾಗದಂತೆ ಅಂಕೀಯ ಚಿತ್ರವನ್ನಾಗಿ ಪರಿವರ್ತಿಸುವ ಕ್ರಮ. ಚೌಕಟ್ಟಿನೊಳಗಿನ ಚಿತ್ರದ ಅಳತೆ 36 × 24 ಮಿ.ಮೀ. ಮಾತ್ರ, ದೊಡ್ಡದೊಂದು ಅಂಚೆಚೀಟಿಯಷ್ಟಿರುವ ಈ ಕ್ಷೇತ್ರವನ್ನು ಹಲವು ಪಟ್ಟು ಹಿಗ್ಗಿಸಿ ನೋಡುವುದರಿಂದ, ಕಾಗದದ ಸ್ಕ್ಯಾನಿನಲ್ಲಿ ಕಣ್ಣಿಗೆ ಬೀಳದ ದೋಷವೂ ಇಲ್ಲಿ ಎದ್ದುಕಾಣುವುದು.

ಈ ಕಾರ್ಯಕ್ಕೆ ಮುಚ್ಚಳದಲ್ಲಿಯೇ ದೀಪವಿರುವ ಯಂತ್ರ ಬೇಕು. ಮೇಲಿನಿಂದ ಬಂದ ಬೆಳಕು ಸ್ಲೈಡನ್ನು ಹಾಯ್ದು, ಗಾಜಿನ ಕೆಳಗೆ ಚಲಿಸುವ ಕನ್ನಡಿಗಳಲ್ಲಿ ಪ್ರತಿಫಲಿಸಿ, ಮಸೂರದ ಮೂಲಕ ಸಿಸಿಡಿ ಎಂಬ ಬೆಳಕುಗ್ರಾಹಿ ಸಾಲಿನ ಮೇಲೆ ಬೀಳುತ್ತದೆ. ತೆಳುವಾಗಿ ರಚಿತವಾದ ಸಿಐಎಸ್ ಜಾತಿಯ ಯಂತ್ರಗಳು ಗಾಜಿಗೆ ಅಂಟಿಕೊಂಡ ವಸ್ತುವನ್ನಷ್ಟೇ ಚೆನ್ನಾಗಿ ಕಾಣಬಲ್ಲವಾದುದರಿಂದ ಸ್ಲೈಡುಗಳಿಗೆ ಅನುಚಿತ.

ಡಬ್ಬಿಯ ಮೇಲೆ ಅಚ್ಚಾದ ಅಂಗುಲಕ್ಕೆ 4800, 6400 ಬಿಂದುಗಳೆಂಬ ಸಂಖ್ಯೆಗಳನ್ನು ನಂಬಿ ಸ್ಪಷ್ಟತೆಯನ್ನು ಅಳೆಯುವವರು ಬಹುಮಟ್ಟಿಗೆ ನಿರಾಶರಾಗುವರು. ಆ ಸಂಖ್ಯೆಗಳು ಯಂತ್ರ ಎಷ್ಟು ಬಿಂದುಗಳನ್ನು ಎಣಿಸುವುದೆಂಬುದನ್ನು ಹೇಳುತ್ತವೆಯೇ ಹೊರತು ಎಷ್ಟನ್ನು ಬೇರ್ಪಡಿಸಿ ಕಾಣುವುದೆಂಬುದನ್ನಲ್ಲ. ಎಪ್ಸನ್ ವಿ700ರಂತಹ ಮೇಲ್ತರಗತಿಯ ಯಂತ್ರವೂ ಸೂಕ್ಷ್ಮರೇಖಾ ಫಲಕವನ್ನಿಟ್ಟು ಪರೀಕ್ಷಿಸಿದಾಗ ಅಂಗುಲಕ್ಕೆ ಸುಮಾರು 2300 ಬಿಂದುಗಳ ವಿವರವನ್ನಷ್ಟೇ ಕೊಡುತ್ತದೆ. ಆದಕಾರಣ 4800ರಲ್ಲಿ ಸ್ಕ್ಯಾನ್ ಮಾಡಿ, ಅನಂತರ ಅದನ್ನು 2400ಕ್ಕೆ ಇಳಿಸಿಕೊಳ್ಳುವುದರಿಂದ ವಿವರ ಹೆಚ್ಚೇನೂ ಕಳೆಯದೆ, ಕಡತದ ಗಾತ್ರ ಮಾತ್ರ ನಾಲ್ಕರಲ್ಲೊಂದು ಭಾಗಕ್ಕೆ ಕುಗ್ಗುತ್ತದೆ.

ನಿಜವಾದ ತೊಡಕಿರುವುದು ಎತ್ತರದಲ್ಲಿ. ಕ್ಯಾಮೆರಾದಂತೆ ಫೋಕಸ್ ಹೊಂದಿಸುವ ಸೌಲಭ್ಯ ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಲ್ಲ. ಮಸೂರದ ದೃಷ್ಟಿ ಗಾಜಿನ ಮೇಲಿನ ನಿಶ್ಚಿತವಾದೊಂದು ಎತ್ತರದಲ್ಲಿ ನೆಲೆಗೊಂಡಿರುತ್ತದೆ, ಮತ್ತು ಆ ಎತ್ತರ ಒಂದೇ ಮಾದರಿಯ ಎರಡು ಯಂತ್ರಗಳಲ್ಲಿಯೂ ತುಸು ಭಿನ್ನವಾಗಿರಬಹುದು. ಇತ್ತ ರಟ್ಟಿನ ಚೌಕಟ್ಟು ತೆಳುವು, ಪ್ಲಾಸ್ಟಿಕ್ಕಿನದು ದಪ್ಪ, ಗಾಜು ಹಾಕಿದ್ದು ಇನ್ನೂ ದಪ್ಪವಾದುದರಿಂದ, ಸ್ಲೈಡುಗಳನ್ನು ಗಾಜಿನ ಮೇಲೆ ಕೂರಿಸುವ ಒಂದೇ ಹಿಡಿಕೆಯಲ್ಲಿಟ್ಟರೂ ಫಿಲ್ಮು ಒಂದೊಂದರಲ್ಲಿ ಒಂದೊಂದು ಎತ್ತರಕ್ಕೆ ನಿಲ್ಲುತ್ತದೆ. ಇದಕ್ಕೆ ಪರೀಕ್ಷೆಯೊಂದೇ ಪರಿಹಾರ: ಮೂಲೆಯಿಂದ ಮೂಲೆಯವರೆಗೆ ಸೂಕ್ಷ್ಮ ವಿವರವುಳ್ಳ ಸ್ಲೈಡೊಂದನ್ನು ಆರಿಸಿ, ತಂತ್ರಾಂಶ ತಾನಾಗಿ ಮಾಡುವ ಹರಿತಗೊಳಿಸುವಿಕೆಯನ್ನು ನಿಲ್ಲಿಸಿ, ಹಿಡಿಕೆಯ ಕೆಳಗೆ ಕಾಗದದ ತುಣುಕುಗಳನ್ನು ಒಂದರ ಮೇಲೊಂದು ಸೇರಿಸುತ್ತ ಪ್ರತಿಸಲವೂ ಸ್ಕ್ಯಾನ್ ಮಾಡಿ, ಪೂರ್ಣ ಗಾತ್ರದಲ್ಲಿ ಹೋಲಿಸತಕ್ಕದ್ದು. ಸಾಧಾರಣ ಬರವಣಿಗೆಯ ಕಾಗದದ ದಪ್ಪ ಸುಮಾರು 0.1 ಮಿ.ಮೀ. ಇರುವುದರಿಂದ ಹಾಳೆಗಳ ಎಣಿಕೆಯೇ ಅಳತೆಯಾಗುತ್ತದೆ. ಹಿಡಿಕೆಯ ಪಾದಗಳನ್ನು ತಿರುಗಿಸಿ ಎತ್ತರ ಬದಲಿಸುವ ಅನುಕೂಲವಿದ್ದರೂ ಅದು ಒರಟು ಹೊಂದಿಕೆಯೇ; ಕಾಗದದ ನಾಜೂಕು ಅದಕ್ಕಿಲ್ಲ.

ಎತ್ತರ ಸರಿಯಾದರೂ ಮಧ್ಯಭಾಗ ಸ್ಫುಟವಾಗಿ ಅಂಚುಗಳು ಮಸುಕಾಗಿಯೇ ಉಳಿದರೆ ಫಿಲ್ಮು ಬಾಗಿದೆಯೆಂದು ತಿಳಿಯಬೇಕು. ಬಹಳ ಕಾಲ ರಟ್ಟಿನಲ್ಲಿದ್ದ ಸ್ಲೈಡುಗಳಲ್ಲಿ ಇದು ಸರ್ವಸಾಮಾನ್ಯ. ಅತಿ ಮುಖ್ಯವಾದವನ್ನು ಚೌಕಟ್ಟಿನಿಂದ ಬಿಡಿಸಿ, ನಯವಾದ ಹೊಳಪಿನ ಬದಿಯ ಮೇಲೆ ಮಂದಗೊಳಿಸಿದ ಗಾಜನ್ನಿಟ್ಟು ಸಮತಲಗೊಳಿಸುವುದುಂಟು. ನುಣುಪು ಗಾಜನ್ನಿಟ್ಟರೆ ಫಿಲ್ಮಿಗೂ ಗಾಜಿಗೂ ನಡುವಣ ತೆಳುವಾದ ಗಾಳಿಯ ಪದರದಲ್ಲಿ ಬೆಳಕಿನ ಅಲೆಗಳು ಪರಸ್ಪರ ಬೆರೆತು, ನ್ಯೂಟನ್ ಉಂಗುರಗಳೆಂಬ ಬಣ್ಣದ ವಲಯಗಳು ಮೂಡಿ ಚಿತ್ರವನ್ನು ಕೆಡಿಸುವುವು.

ಧೂಳನ್ನು ರಬ್ಬರಿನ ಊದುಚೆಂಡಿನಿಂದ ಮೊದಲೇ ಹಾರಿಸಬೇಕು. ಅವಗೆಂಪು ಕಿರಣದಿಂದ ಧೂಳನ್ನು ಗುರುತಿಸಿ ಅಳಿಸುವ ಡಿಜಿಟಲ್ ಐಸ್ ವ್ಯವಸ್ಥೆ ಎಕ್ಟಾಕ್ರೋಮಿನಂತಹ ಫಿಲ್ಮುಗಳಿಗೆ ಹಿತಕರ; ಆದರೆ 1935ರಲ್ಲಿ ಪೇಟೆಗೆ ಬಂದು 2009ರಲ್ಲಿ ತಯಾರಿಕೆ ನಿಂತ ಕೊಡಾಕ್ರೋಮಿನ ವರ್ಣಲೇಪ ಆ ಕಿರಣವನ್ನು ಅಲ್ಲಲ್ಲಿ ತಡೆಯುವುದರಿಂದ, ಯಂತ್ರ ಚಿತ್ರದ ವಿವರವನ್ನೇ ಧೂಳೆಂದು ಭ್ರಮಿಸಿ ತಿದ್ದಿಬಿಡುವುದುಂಟು. ಬೆಳ್ಳಿಯಿಂದಲೇ ಬಿಂಬ ಮೂಡಿದ ಕಪ್ಪು-ಬಿಳುಪು ಫಿಲ್ಮಿಗೂ ಇದೇ ಗತಿ. ಇವೆರಡಕ್ಕೂ ಆ ವ್ಯವಸ್ಥೆಯನ್ನು ನಿಲ್ಲಿಸಿಡುವುದೇ ಲೇಸು. ಸ್ಕ್ಯಾನರಿನ ಗಾಜಿನ ಒಳಮೈಯಲ್ಲಿ ಕಾಲಾಂತರದಲ್ಲಿ ಕಟ್ಟುವ ತೆಳುಮಂಜು ಬಿಂಬದ ಕಾಂತಿಯನ್ನು ಕುಗ್ಗಿಸುವುದೆಂಬುದೂ ಗಮನಾರ್ಹ.

ಹರಿತಗೊಳಿಸುವಿಕೆ ಎಲ್ಲಕ್ಕೂ ಕೊನೆಯ ಸಂಸ್ಕಾರ. ಅದು ಇದ್ದ ಅಂಚನ್ನು ಎತ್ತಿತೋರುವುದೇ ಹೊರತು, ಫೋಕಸ್ ತಪ್ಪಿ ಹೋದ ವಿವರವನ್ನು ಮರಳಿ ತರಲಾರದು. ಸ್ವಯಂಚಾಲಿತ ಫೋಕಸ್ ಹೊಂದಿ ಅಂಗುಲಕ್ಕೆ 4000 ಬಿಂದುಗಳನ್ನು ಓದುತ್ತಿದ್ದ ನಿಕಾನ್ ಕೂಲ್‌ಸ್ಕ್ಯಾನಿನಂತಹ ಫಿಲ್ಮ್ ಸ್ಕ್ಯಾನರುಗಳಿಗೆ ಫ್ಲ್ಯಾಟ್‌ಬೆಡ್ ಸಮವೆನ್ನುವುದು ಅತಿಶಯೋಕ್ತಿ. ಆದರೂ ಎತ್ತರವನ್ನು ಸರಿಯಾಗಿ ಹೊಂದಿಸಿದ ಸ್ಕ್ಯಾನನ್ನು 2400ಕ್ಕೆ ಇಳಿಸಿದಾಗ ಸುಮಾರು 3400 × 2270 ಬಿಂದುಗಳ ಚಿತ್ರ ದೊರೆಯುತ್ತದೆ. ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಿದರೆ ಅದು ಹೆಚ್ಚುಕಡಿಮೆ ಒಂದು ಎ4 ಹಾಳೆಯನ್ನು ತುಂಬುತ್ತದೆ.