ಕ್ಯಾಮೆರಾ ಯಾರ ಕೈಲಿ, ಡಿಲೀಟ್ ಬಟನ್ ಯಾರ ಕೈಲಿ?

ಇವತ್ತಿನ ವಿಷಯಕ್ಕೆ ಬರೋ ಮುಂಚೆ ನಂದೇ ಒಂದು ಕಥೆ.

ಹೋದ ವರ್ಷ ಒಂದು ರಾತ್ರಿ, ರಿಲೀಸ್ ಮುಗಿಸಿಕೊಂಡು ಬೈಕಲ್ಲಿ ಮನೆಗೆ ಬರ್ತಾ ಇದ್ದೆ. ಯಾವ ಊರು ಅನ್ನೋದು ಬೇಡ, ಕೆಎ ನಂಬರ್ ಪ್ಲೇಟ್ ಹಾಕಿಕೊಂಡು ಹೊರರಾಜ್ಯದಲ್ಲಿ ಓಡಾಡೋರಿಗೆಲ್ಲ ಇದು ಗೊತ್ತಿರೋದೇ. ನಾಕಾಬಂದಿಯಲ್ಲಿ ಕೈ ಅಡ್ಡ ಹಾಕಿದರು. ಆರ್‌ಸಿ, ಇನ್ಶೂರೆನ್ಸ್, ಪಿಯುಸಿ ಎಲ್ಲ ಸರಿ ಇತ್ತು. ಆದರೂ ಮಾತು ಬೇರೆ ಎಲ್ಲಿಗೋ ಹೋಗ್ತಾ ಇತ್ತು. ಫೋನ್ ತೆಗೆದು ವಿಡಿಯೋ ಆನ್ ಮಾಡಿದೆ. "ಬಂದ್ ಕರೋ, ಅಲೌಡ್ ನಹೀಂ ಹೈ" ಅಂದರು ಆ ಪೇದೆ. ಅವರ ಎದೆ ಮೇಲೇ ಒಂದು ಕ್ಯಾಮೆರಾ ನೇತಾಡ್ತಾ ಇತ್ತು! ಆದರೂ ನಾನು ಬಂದ್ ಮಾಡಿದೆ. ಸುಳ್ಳು ಯಾಕೆ, ಹೆದರಿದೆ.

ನಿಜವಾಗಿಯೂ ಅಲೌಡ್ ಇಲ್ವಾ? ಹುಡುಕಿಕೊಂಡು ಹೋದವನು ನೇರ 1991ಕ್ಕೆ ಹೋಗಿ ನಿಂತೆ.

ಆ ವರ್ಷ ಮಾರ್ಚ್ 3, ನಡುರಾತ್ರಿ ಕಳೆದಿತ್ತು. ಲಾಸ್ ಏಂಜಲೀಸ್‌ನ ಒಂದು ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಜಾರ್ಜ್ ಹಾಲಿಡೇ ಅನ್ನೋರು ನಿಂತಿದ್ದರು. ಪ್ಲಂಬಿಂಗ್ ಕಂಪನಿಯಲ್ಲಿ ಕೆಲಸ, ಕೈಯಲ್ಲಿ ಸೋನಿ ಹ್ಯಾಂಡಿಕ್ಯಾಮ್. ಎದುರು ರಸ್ತೆಯಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ಜನಾಂಗದ ಯುವಕನನ್ನು ಪೊಲೀಸರು ಬೆತ್ತದಿಂದ ಹೊಡೆಯುತ್ತಿದ್ದುದು ಟೇಪಿಗೆ ಬಂತು. ಹಾಲಿಡೇ ಮೊದಲು ಪೊಲೀಸ್ ಸ್ಟೇಷನ್ನಿಗೇ ಫೋನ್ ಮಾಡಿದರು. ಅಲ್ಲಿ ಯಾರಿಗೂ ಆಸಕ್ತಿ ಇರಲಿಲ್ಲ. ಆಮೇಲೆ ಟೇಪ್ ಸ್ಥಳೀಯ ಟಿವಿ ಚಾನೆಲ್‌ಗೆ ಹೋಯಿತು, ಅಲ್ಲಿಂದ ಜಗತ್ತಿಗೆಲ್ಲ.

ವಿಡಿಯೋ ಇದ್ದರೆ ಕೇಸ್ ಗೆದ್ದ ಹಾಗೇ ಅಂತ ನಾವು ಅಂದುಕೊಳ್ತೀವಿ. ಹಾಗಾಗಲಿಲ್ಲ. ಪೊಲೀಸರ ಪರ ವಕೀಲರು ಅದೇ ಟೇಪನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ, "ನೋಡಿ, ಇಲ್ಲಿ ಅವನು ಏಳೋಕೆ ಹೊರಟಿದ್ದಾನೆ" ಅನ್ನೋ ಧಾಟಿಯಲ್ಲಿ ಜ್ಯೂರಿಗೆ ವಿವರಿಸಿದರು. 1992ರ ಏಪ್ರಿಲ್ 29ರಂದು ನಾಲ್ವರಲ್ಲಿ ಯಾರಿಗೂ ಶಿಕ್ಷೆ ಆಗಲಿಲ್ಲ. ಊರು ಹೊತ್ತಿ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಫೆಡರಲ್ ಕೋರ್ಟಿನಲ್ಲಿ ಇಬ್ಬರು ತಪ್ಪಿತಸ್ಥರಾದರು.

ಹಾಲಿಡೇಯನ್ನು ಯಾರೂ ಬಂಧಿಸಲಿಲ್ಲ. 2007ರಲ್ಲಿ ಬಾಸ್ಟನ್‌ನ ಸೈಮನ್ ಗ್ಲಿಕ್ ಎಂಬ ವಕೀಲರಿಗೆ ಆ ಅದೃಷ್ಟ ಇರಲಿಲ್ಲ. ಪಾರ್ಕಿನಲ್ಲಿ ಪೊಲೀಸರು ಒಬ್ಬನನ್ನು ಹಿಡಿಯುತ್ತಿದ್ದುದನ್ನು ಮೊಬೈಲಿನಲ್ಲಿ ತೆಗೆದಿದ್ದಕ್ಕೆ ಅವರ ಮೇಲೆ ಕದ್ದಾಲಿಕೆ ಕಾನೂನು ಹಾಕಿದರು. ಕೈ ಚಾಚಿ, ಎಲ್ಲರಿಗೂ ಕಾಣೋ ಹಾಗೆ ಫೋನ್ ಹಿಡಿದಿದ್ದವರ ಮೇಲೆ ಕದ್ದಾಲಿಕೆ! 2011ರಲ್ಲಿ ಮೇಲಿನ ಕೋರ್ಟು, ಸಾರ್ವಜನಿಕ ಜಾಗದಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ಚಿತ್ರೀಕರಿಸುವುದು ಸಂವಿಧಾನ ಕೊಟ್ಟ ಹಕ್ಕು ಎಂದಿತು. ನಗರಾಡಳಿತ 1,70,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಎದೆ ಮೇಲಿನ ಕ್ಯಾಮೆರಾ ಸುದ್ದಿಯಾಗಿದ್ದು ಇದರ ನಂತರ. ಕ್ಯಾಲಿಫೋರ್ನಿಯಾದ ರಿಯಾಲ್ಟೋ ಎಂಬ ಸಣ್ಣ ಊರಿನಲ್ಲಿ 2012ರಿಂದ ಒಂದು ವರ್ಷ ಪ್ರಯೋಗ ನಡೆಯಿತು, ದೂರುಗಳು ಸುಮಾರು ಶೇ 88ರಷ್ಟು ಇಳಿದವು. ಎಲ್ಲರೂ ಕ್ಯಾಮೆರಾ ಖರೀದಿಗೆ ಓಡಿದರು. 2017ರಲ್ಲಿ ವಾಷಿಂಗ್ಟನ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರ ಮೇಲೆ ಅದೇ ತರಹದ ಪರೀಕ್ಷೆ ಮಾಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಸ್ಯಾಂಪಲ್ ಸೈಜ್ ಬಗ್ಗೆ ನಿಮಗೆ ನಾನು ಬೇರೆ ಹೇಳಬೇಕಾ!

ಅದೇ ವರ್ಷ ಬಾಲ್ಟಿಮೋರ್‌ನಲ್ಲಿ ನಡೆದದ್ದು ನಮ್ಮಂಥವರಿಗೇ ಹೇಳಿಸಿದ ಕಥೆ. ಈ ಕ್ಯಾಮೆರಾಗಳು ಸುಮ್ಮನಿದ್ದಾಗಲೂ ಓಡ್ತಾನೇ ಇರ್ತವೆ, ಸರ್ಕ್ಯುಲರ್ ಬಫರ್ ತರಹ. ಬಟನ್ ಒತ್ತಿದಾಗ ಅದಕ್ಕೆ ಹಿಂದಿನ 30 ಸೆಕೆಂಡಿನ ದೃಶ್ಯವೂ ದನಿಯಿಲ್ಲದೆ ಸೇವ್ ಆಗುತ್ತೆ. ಒಬ್ಬ ಅಧಿಕಾರಿ ಡ್ರಗ್ಸ್ ಪೊಟ್ಟಣವನ್ನು ಕಸದ ನಡುವೆ ಇಟ್ಟು, ರಸ್ತೆಗೆ ಬಂದು ಬಟನ್ ಒತ್ತಿ, ಮತ್ತೆ ಹೋಗಿ ಅದನ್ನು "ಹುಡುಕಿ" ತೆಗೆದರು. ಇಟ್ಟಿದ್ದೂ ರೆಕಾರ್ಡ್ ಆಗಿತ್ತು. ಮೊದಲೇ ಸಿಕ್ಕಿದ್ದನ್ನು ಮತ್ತೆ ತೋರಿಸಿದೆ ಅಷ್ಟೇ ಅನ್ನೋ ವಾದವನ್ನು ಕೋರ್ಟ್ ಒಪ್ಪಲಿಲ್ಲ, 2018ರಲ್ಲಿ ತಪ್ಪಿತಸ್ಥರೆಂದಿತು.

ಇದನ್ನು ಕೇಳಿ ನಗು ಬರುತ್ತೆ. ಮುಂದಿನದಕ್ಕೆ ಬರಲ್ಲ.

2020ರ ಜೂನ್ 19, ತಮಿಳುನಾಡಿನ ಸಾತಾನ್‌ಕುಳಂ. ಲಾಕ್‌ಡೌನ್ ಸಮಯ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಅಂತ ತಂದೆ-ಮಗ ಇಬ್ಬರನ್ನೂ ಠಾಣೆಗೆ ಒಯ್ದರು. ಕೆಲವೇ ದಿನಗಳಲ್ಲಿ ಇಬ್ಬರೂ ತೀರಿಹೋದರು. ಇಬ್ಬರೂ ನೆಲದ ಮೇಲೆ ಹೊರಳಾಡಿ ಗಾಯ ಮಾಡಿಕೊಂಡರು ಅಂತ ಎಫ್‌ಐಆರ್ ಹೇಳ್ತಿತ್ತು. ಪಕ್ಕದ ಅಂಗಡಿ ಕಡೆಯ ಸಿಸಿಟಿವಿಯಲ್ಲಿ ಅಂಥದ್ದೇನೂ ಇರಲಿಲ್ಲ. ಠಾಣೆಯೊಳಗೂ ಕ್ಯಾಮೆರಾ ಇತ್ತು. ತನಿಖೆಗೆ ಹೋದ ಮ್ಯಾಜಿಸ್ಟ್ರೇಟರು ಮದ್ರಾಸ್ ಹೈಕೋರ್ಟಿಗೆ ವರದಿ ಕೊಟ್ಟರು: ಹಾರ್ಡ್ ಡಿಸ್ಕ್ 1 ಟಿಬಿ, ಜಾಗ ಬೇಕಾದಷ್ಟಿದೆ, ಆದರೆ ಪ್ರತಿದಿನದ ಫೂಟೇಜ್ ತಾನಾಗೇ ಅಳಿಸಿಹೋಗುವಂತೆ ಸೆಟ್ಟಿಂಗ್ ಇದೆ. 19ರಿಂದ ಒಂದು ದೃಶ್ಯವೂ ಉಳಿದಿರಲಿಲ್ಲ.

ಇದನ್ನು ಓದಿದ ದಿನ ನಾನು ಆಫೀಸಿನಲ್ಲಿ ಲಾಗ್ ರಿಟೆನ್ಶನ್ ಕಾನ್ಫಿಗ್ ಒಂದನ್ನು ರಿವ್ಯೂ ಮಾಡ್ತಾ ಇದ್ದೆ. 90 ದಿನ ಸಾಕಾ, 180 ಬೇಕಾ ಅಂತ ಅರ್ಧ ಗಂಟೆ ಚರ್ಚೆ. ಆ ದಿನ ಊಟ ಸೇರಲಿಲ್ಲ.

ಅದೇ ವರ್ಷ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಆದೇಶ ಕೊಟ್ಟಿತು. ಪ್ರತಿ ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್ ಎಲ್ಲ ಕಡೆ ದನಿಯೂ ದಾಖಲಾಗುವ ಕ್ಯಾಮೆರಾ ಇರಬೇಕು. ದಾಖಲೆ 18 ತಿಂಗಳು ಉಳಿಯಬೇಕು, ಅಂಥ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷವಾದರೂ. ಸ್ಪೆಕ್ ಚೆನ್ನಾಗಿದೆ, ಡಿಪ್ಲಾಯ್‌ಮೆಂಟ್ ಕಥೆ ಬೇರೆ. ಠಾಣೆಗಳಲ್ಲಿ ಕ್ಯಾಮೆರಾ ಕೆಲಸ ಮಾಡ್ತಿಲ್ಲ ಅನ್ನೋ ಪತ್ರಿಕಾ ವರದಿ ನೋಡಿ 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ತಾನಾಗೇ ಮತ್ತೆ ಕೇಸು ಎತ್ತಿಕೊಳ್ಳಬೇಕಾಯಿತು.

ನಮ್ಮ ಫೋನಿನ ವಿಷಯ? ಪೊಲೀಸರನ್ನು ಚಿತ್ರೀಕರಿಸಬಹುದು ಅಂತ ನೇರವಾಗಿ ಬರೆದಿಟ್ಟ ಕಾಯ್ದೆ ನಮ್ಮಲ್ಲಿಲ್ಲ. ಆದರೆ ವಾರ್ಧಾದ ಠಾಣೆಯೊಳಗೆ ವಿಡಿಯೋ ಮಾಡಿದವರ ಮೇಲೆ ಅಧಿಕೃತ ರಹಸ್ಯಗಳ ಕಾಯ್ದೆ ಹಾಕಿದ್ದಾಗ, ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಆ ಆರೋಪವನ್ನು ರದ್ದು ಮಾಡಿತು. ಪೊಲೀಸ್ ಠಾಣೆ ಆ ಕಾಯ್ದೆಯ "ನಿಷೇಧಿತ ಸ್ಥಳ" ಅಲ್ಲ ಅಂತ. ಪುಣೆ, ಮುಂಬೈಯಲ್ಲಿರೋರು ಇದನ್ನು ನೆನಪಿಟ್ಟುಕೊಳ್ಳಿ. ಇನ್ನು 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಬಿಎನ್‌ಎಸ್‌ಎಸ್ 105ನೇ ಕಲಂ ಪ್ರಕಾರ, ಶೋಧನೆ ಮತ್ತು ಜಪ್ತಿಯನ್ನು ಪೊಲೀಸರೇ ವಿಡಿಯೋ ಮಾಡಬೇಕು. ಕಾಯ್ದೆಯಲ್ಲಿ ಮೊಬೈಲ್ ಫೋನಿನ ಹೆಸರೂ ಇದೆ!

ಹಾಗಂತ ಕೈ ಅಡ್ಡ ಹಾಕಿದ ತಕ್ಷಣ ಮುಖಕ್ಕೆ ಫೋನ್ ಹಿಡಿಯಿರಿ ಅಂತ ನಾನು ಹೇಳ್ತಿಲ್ಲ. ಕರ್ತವ್ಯಕ್ಕೆ ಅಡ್ಡಿ ಅನ್ನೋ ಕೇಸು ಹಾಕೋದು ಸುಲಭ, ಬಿಡಿಸಿಕೊಳ್ಳೋದು ಕಷ್ಟ. ಎರಡು ಹೆಜ್ಜೆ ಹಿಂದೆ ನಿಂತು, ಬಾಯಿ ಮುಚ್ಚಿಕೊಂಡು ತೆಗೀರಿ.

ಆ ರಾತ್ರಿಯ ಫೂಟೇಜಿಗೆ ನಾನು ಈಗ ಆರ್‌ಟಿಐ ಹಾಕಿದ್ದೀನಿ. ಉತ್ತರ ಇನ್ನೂ ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ಕೇಳಿ, ಪಡೆದವರಿದ್ದರೆ ಅರ್ಜಿ ಹೇಗೆ ಬರೆದಿರಿ ಅಂತ ತಿಳಿಸಿ. ನನ್ನದರಲ್ಲಿ ತಾರೀಖು, ಸಮಯ, ಜಾಗ ಅಷ್ಟೇ ಬರೆದಿದ್ದೀನಿ. ಪೇದೆಯ ಬಕ್ಕಲ್ ನಂಬರ್ ನೋಡಿಕೊಳ್ಳೋದು ಮರೆತಿದ್ದೆ.